ಹೊರನಿವೇಶನ ಹದಿನೇಳು

ನಗರಸಭೆ ಕೂಡುವ ಸೋಮವಾರಗಳಂದು ಬ್ರಂಡೇಜರ ಮನೆಯಲ್ಲಿ ಸಂಜೆಯೂಟ ಒಂದು ಗಂಟೆ ತಡವಾಗುವುದು ನಾಲ್ಕು ವರ್ಷಗಳಿಂದ ನಡೆದುಬಂದ ಪದ್ಧತಿ. ಓಹಾಯೋ ನದಿಯ ದಡದ ಹಾಬ್ಸನ್‌ಪೋರ್ಟ್ ನಗರದ ಮೂರನೆಯ ವಾರ್ಡಿನಿಂದ ಆರಿಸಿಬಂದಿದ್ದ ಅಸಾಹೆಲ್ ಬ್ರಂಡೇಜನು ವೃತ್ತಿಯಿಂದ ಜೀನುಗಾರ; ಕುದುರೆಗಳ ಜೀನು ಲಗಾಮುಗಳನ್ನು ಹೊಲಿದು ಬದುಕುವವನು. ಸಭೆಯ ದಿನ ಮಾತ್ರ ಮಧ್ಯಾಹ್ನ ಮೂರಕ್ಕೇ ಚರ್ಮದ ಮುಂಗವಚವನ್ನು ಕಳಚಿಟ್ಟು, ಬೆರಳಿಗಂಟಿದ ಮೇಣದ ಕರೆಯನ್ನು ಮರಳಿನಿಂದ ಉಜ್ಜಿ ತೊಳೆದು, ಕಪ್ಪು ಕೋಟು ತೊಟ್ಟು ಹೊರಡುವನು. ಮರಳಿ ಬರುವಾಗ ಅವನ ಹೆಜ್ಜೆಯ ಸದ್ದಿನಿಂದಲೇ ಅಂದಿನ ಸಭೆಯ ಜಯಾಪಜಯಗಳನ್ನು ಅವನ ವೃದ್ಧಮಾತೆ ಮೆಹಿಟಬಲ್ ಒಲೆಯ ಬಳಿ ಕುಳಿತೇ ನಿರ್ಣಯಿಸಿಬಿಡುವಳು.

"ಇವತ್ತು ಗೆದ್ದು ಬಂದಿದಾನೆ," ಎಂದಳು ಅವಳು, ೧೮೫೮ರ ಏಪ್ರಿಲ್ ತಿಂಗಳ ಆ ಮೊದಲ ಸೋಮವಾರ. "ಮೆಟ್ಟಿಲಿಗೆ ಒಂದೊಂದು ಒದೆ ಕೊಟ್ಕೊಂಡು ಹತ್ತಾ ಇದಾನೆ, ಕೇಳು."

ಸೊಸೆ ಲವೀನಿಯಾಳು ಉಪ್ಪು ಹಂದಿಮಾಂಸ ಹಾಕಿ ಬೇಯಿಸಿದ ಕಾಳನ್ನು ಮೇಜಿಗೆ ತಂದಿಟ್ಟಳು. ಮೊಮ್ಮಗಳು ಹಲ್ಡಾಳು ಮುಸುಕಿನಜೋಳದ ರೊಟ್ಟಿಯನ್ನು ಕತ್ತರಿಸಿದಳು. ಹತ್ತೊಂಬತ್ತು ವರ್ಷದ ಆ ಹುಡುಗಿ ವಾರ್ಡಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಅಸಾಹೆಲನು ಬಂದು ಕುಳಿತು, ತಲೆಬಾಗಿ ಪ್ರಾರ್ಥನೆ ಮುಗಿಸಿ, ಚಮಚ ಹಿಡಿಯುವ ಮೊದಲೇ ನಗತೊಡಗಿದನು.

"ಏನಪ್ಪಾ ಇವತ್ತಿನ ರಾಜಕಾರ್ಯ?" ಎಂದು ಮುದುಕಿ ಕೇಳಿದಳು.

"ಮೊದಲು ಹಂದಿ ವಿಚಾರ ಕಣಮ್ಮ. ವಿಧವೆ ಡಾರ್‌ಳ ಹಂದಿ ಎರಡನೇ ವಾರ್ಡಿನ ಚರ್ಚೊಳಗೆ ನುಗ್ಗಿತಂತೆ. ಅದರ ಮೇಲೆ ಮುಕ್ಕಾಲು ಗಂಟೆ ಭಾಷಣ."

"ಪ್ರವಚನ ಕೇಳೋಕೆ ಹೋಗಿರುತ್ತೆ ಪಾಪ. ನಿಮ್ಮ ಸದಸ್ಯರಿಗಿಂತ ಅದೇ ವಾಸಿ."

"ಆಮೇಲೆ ಎರಡು ದೀಪದ ಕಂಬ, ಒಂದು ಪಂಪಿನ ಹಿಡಿ, ಬೆಂಕಿ ಆರಿಸೋರ ಚರ್ಮದ ಕೊಳವೆಗೆ ಎಣ್ಣೆ. ಆಮೇಲೆ ನಮ್ಮ ರಸ್ತೆ!" ಎಂದು ಅವನು ಮೇಜನ್ನು ಗುದ್ದಿದನು. "ನಾಲ್ಕು ವರ್ಷದಿಂದ ಸಮಿತಿ ಕೈಲಿ ಕೊಳೀತಾ ಇದ್ದ ರಸ್ತೆ. ನದಿಕಟ್ಟೆವರೆಗೂ ನೇರ. ಗಾಡಿಯೋರು ಇನ್ಮೇಲೆ ಗುಡ್ಡ ಸುತ್ತಬೇಕಾಗಿಲ್ಲ. ಹನ್ನೊಂದೇ ನಿಮಿಷ, ಮೂರು ವಾಚನ, ಅಂಗೀಕಾರ!"

"ಒಂದು ಕಟ್ಟಳೇನ ಮೂರು ಸಲ ಹನ್ನೊಂದು ನಿಮಿಷದಲ್ಲಿ ಓದಿದ್ರಾ?" ಎಂದು ಹಲ್ಡಾ ಬೆರಗಾದಳು. "ನನ್ನ ಮಕ್ಕಳು ಒಂದು ಪುಟಕ್ಕೆ ಅಷ್ಟು ತಗೋತಾರೆ."

"ಪೂರ್ತಿ ಯಾರು ಓದ್ತಾರೆ ಮಗಳೇ? ನಿಯಮ ಬದಿಗಿಡಬೇಕು ಅಂತ ಸೂಚಿಸ್ದೆ. ಗುಮಾಸ್ತ ಶೀರ್ಷಿಕೆ ಮಾತ್ರ ಮೂರು ಸಲ ಓದಿದ. ಯಾರ ವಾರ್ಡಿನ ಕೆಲಸವೋ ಅವರು ಹೌದು ಅಂದ್ರೆ ಉಳಿದೋರೂ ಹೌದು ಅಂತಾರೆ. ಅದು ನಮ್ಮಲ್ಲಿ ಮರ್ಯಾದೆ. ಕ್ವಿಗ್ಲಿಯ ವಾರ್ಡಿನ ದೋಣಿಕಟ್ಟೆಗೆ ನಾನು ಕೈ ಎತ್ತಿದ್ದೆ, ನನ್ನ ರಸ್ತೆಗೆ ಅವನು ಎತ್ತಿದ."

"ರಸ್ತೆ ಎಲ್ಲಿ ಹಾದುಹೋಗುತ್ತೆ?" ಎಂದಳು ಲವೀನಿಯಾ.

"ಸಮಿತಿಯೋರು ದಾರಿ ಸ್ವಲ್ಪ ಬದಲಾಯಿಸಿದಾರೆ. ಊರಾಚೆಯ ಹೊರನಿವೇಶನ ಹದಿನೇಳರ ಮೂಲಕ ಅಂತ ಓದಿದ. ಇಟ್ಟಿಗೆ ಗೂಡಿನ ಹಳ್ಳ ಇರಬೇಕು. ಹೋದ್ರೆ ನಾಲ್ಕು ಮುಳ್ಳಿನ ಪೊದೆ ಹೋದಾವು."

ಲವೀನಿಯಾಳು ಅವನ ತಟ್ಟೆಗೆ ಇನ್ನೊಂದು ಸೌಟು ಕಾಳು ಬಡಿಸಿ, ಸೇಬಿನ ಗೊಜ್ಜಿನ ಬಟ್ಟಲನ್ನು ಅವನ ಕಡೆಗೆ ಸರಿಸಿದಳು.

ಶನಿವಾರ ಬಂತು. ಆ ದಿನ ಶಾಲೆಯಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಹಲ್ಡಾಳು ಅಜ್ಜಿಗೆ ವಾರಪತ್ರಿಕೆಯನ್ನು ಓದಿ ಹೇಳುವುದು ವಾಡಿಕೆ. ಮುದುಕಿಗೆ ಮರಣವಾರ್ತೆ ಮೊದಲು ಬೇಕು. ಅನಂತರ ನಗರಸಭೆಯ ಕಟ್ಟಳೆಗಳು. ಅಸಾಹೆಲನು ಅಂಗಡಿಗೆ ಮರಳುವ ಮುನ್ನ ತನ್ನ ರಸ್ತೆಯ ಕಟ್ಟಳೆ ಅಚ್ಚಿನಲ್ಲಿ ಹೇಗೆ ಕೇಳಿಸುವುದೋ ಎಂದು ಬಾಗಿಲ ಬಳಿ ನಿಂತನು. ಲವೀನಿಯಾಳು ಅವನ ಭಾನುವಾರದ ಬಿಳಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು.

ಹಲ್ಡಾಳು ಮೊದಲನೆಯ, ಎರಡನೆಯ, ಮೂರನೆಯ ವಿಧಿಗಳನ್ನು ಸರಾಗವಾಗಿ ಓದಿದಳು. ನಾಲ್ಕನೆಯದರಲ್ಲಿ ಅವಳ ದನಿ ನಿಧಾನವಾಯಿತು.

"'ಸಾಮಾನ್ಯವಾಗಿ ಹಳೆಯ ಹೂಳುಭೂಮಿ ಎಂದು ಕರೆಯಲ್ಪಡುವ ಸದರಿ ಹೊರನಿವೇಶನ ಹದಿನೇಳರಲ್ಲಿ ತಮ್ಮವರನ್ನು ಹೂಳಿರುವ ಸಮಸ್ತರೂ ಮೂವತ್ತು ದಿನಗಳೊಳಗಾಗಿ ಅವಶೇಷಗಳನ್ನು ಸ್ವಂತ ಖರ್ಚಿನಲ್ಲಿ ತೆಗೆದುಕೊಂಡು ಹೋಗತಕ್ಕದ್ದು. ಉಳಿದವುಗಳನ್ನು ಅತಿ ಕಡಿಮೆ ದರ ಕೂಗಿದ ಗುತ್ತಿಗೆದಾರನು ಒಂದೇ ಕಂದಕಕ್ಕೆ ಸಾಗಿಸತಕ್ಕದ್ದು...'"

ಸುಟ್ಟ ಬಟ್ಟೆಯ ವಾಸನೆ ಎದ್ದಿತು. ಇಸ್ತ್ರಿ ಅಂಗಿಯ ಎದೆಯ ಮೇಲೆಯೇ ನಿಂತುಬಿಟ್ಟಿತ್ತು. ಲವೀನಿಯಾಳ ಕೈ ಅದರ ಮೇಲೆ ಇತ್ತು, ಕಣ್ಣು ಮಗಳ ಮುಖದಲ್ಲಿತ್ತು.

"ಇನ್ನೊಂದ್ಸಲ ಓದು," ಎಂದಳು.

ಹಲ್ಡಾ ಓದಿದಳು. ಅಸಾಹೆಲನಿಗೆ ಸಿಡಿಲು ಹೊಡೆದಂತಾಯಿತು. ಆ ಊರಿನಲ್ಲಿ ಹುಟ್ಟಿದವರೆಲ್ಲರೂ ಅದನ್ನು ಹಳೆಯ ನೆಲವೆಂದೇ ಕರೆಯುತ್ತಿದ್ದರು. ಅದಕ್ಕೊಂದು ಅಂಕಿಯುಂಟೆಂದು ತಿಳಿದವನು ಜಿಲ್ಲೆಯ ಮೋಜಣಿದಾರನೊಬ್ಬನೇ. ಒಂಬತ್ತು ವರ್ಷಗಳ ಹಿಂದೆ ಕಾಲರಾ ಬಂದ ಬೇಸಗೆಯಲ್ಲಿ ತೀರಿಕೊಂಡ ಅಸಾಹೆಲನ ಮಗ, ನಾಲ್ಕು ವರ್ಷದ ಒರಿನ್, ಆ ನೆಲದ ಪೂರ್ವದ ಸಾಲಿನಲ್ಲಿ ಮಲಗಿದ್ದನು.

"ನೀವು ಹೌದು ಅಂದ್ರಾ?" ಎಂದಳು ಲವೀನಿಯಾ.

"ನನಗೆ ಗೊತ್ತಿರಲಿಲ್ಲ ಲವೀನಿಯಾ. ದೇವರಾಣೆ, ಅಂಕಿ ಓದಿದ್ರು ಅಷ್ಟೇ..."

"ಹೌದು ಅಂದ್ರಾ, ಇಲ್ವಾ?"

"ಅಂದೆ."

"ಓದಬೇಡಿ, ಶೀರ್ಷಿಕೆ ಸಾಕು ಅಂತ ಸೂಚಿಸಿದ್ದೂ ನೀವೇ?"

"ಅದು ಪದ್ಧತಿ..."

"ಆವತ್ತೂ ನಿಮ್ಮ ನಗರಸಭೆಯದೇ ಪದ್ಧತಿ!" ಅವಳ ದನಿ ಒಮ್ಮೆಲೇ ಏರಿತು. "ಹೆಣದ ಗಾಡಿ ಹಿಂದೆ ಮನೆಯೋರು ಯಾರೂ ಬರಕೂಡದು ಅಂತ ಕಟ್ಟಳೆ ಮಾಡಿದ್ರು. ನನ್ನ ಮಗೂನ ಸುಣ್ಣ ಬಳಿದ ಬಟ್ಟೇಲಿ ಸುತ್ತಿ ಎತ್ತಿ ಹಾಕ್ಕೊಂಡು ಹೋದ್ರು. ನಾನು ಬೇಲಿವರೆಗೂ ಹೋಗೋಕೆ ಬಿಡಲಿಲ್ಲ. ಮೂರು ವಾರ ಆದ್ಮೇಲೆ ಹೆಸರು ಬರೆದ ಒಂದು ಹಲಗೆ ತೋರಿಸಿದ್ರು, ಇಲ್ಲಿದಾನೆ ಅಂತ. ಆ ಹಲಗೆ ಒಂದನ್ನ ಇಟ್ಕೊಂಡು ಒಂಬತ್ತು ವರ್ಷ ಬದುಕಿದೀನಿ. ಈಗ ಅದರ ಮೇಲೆ ಗಾಡಿ ಓಡಿಸ್ತೀರಾ?"

"ಲವೀನಿಯಾ, ಸಮಾಧಾನ," ಎಂದಳು ಮೆಹಿಟಬಲ್.

"ನೀವು ಸುಮ್ನಿರಿ ಅತ್ತೆ."

ಇಪ್ಪತ್ತೆರಡು ವರ್ಷಗಳ ಸಂಸಾರದಲ್ಲಿ ಸೊಸೆಯ ಬಾಯಿಂದ ಇಂಥ ಮಾತನ್ನು ಮುದುಕಿ ಕೇಳಿರಲಿಲ್ಲ. ಲವೀನಿಯಾಳು ಕಂದು ಕಲೆ ಬಿದ್ದ ಅಂಗಿಯನ್ನು ನಾಲ್ಕಾಗಿ ಮಡಿಸಿ ಗಂಡನ ಕೈಗೆ ಕೊಟ್ಟು, ಹಿತ್ತಲಿಗೆ ಹೊರಟುಹೋದಳು.

ಮರುದಿನ ಅವನು ಚರ್ಚಿಗೆ ಅದೇ ಅಂಗಿಯನ್ನು ತೊಟ್ಟನು, ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು.

ಅಂದಿನಿಂದ ಲವೀನಿಯಾಳು ಅವನೊಡನೆ ಮೇಜಿಗೆ ಕೂರಲಿಲ್ಲ. ಅಡುಗೆ ನಿಲ್ಲಲಿಲ್ಲ, ಒಗೆತ ನಿಲ್ಲಲಿಲ್ಲ, ಹಸುವಿನ ಹಾಲು ಕರೆಯುವುದೂ ನಿಲ್ಲಲಿಲ್ಲ, ಮಾತೊಂದು ನಿಂತಿತು. ಹೇಳಬೇಕಾದ್ದನ್ನು ಮಗಳ ಮೂಲಕ ಹೇಳಿಸುವಳು.

"ಅಪ್ಪಾ, ಸೌದೆ ಮುಗೀತಂತೆ."

"ಅವಳು ಅಲ್ಲೇ ನಿಂತಿದಾಳಲ್ಲ, ಅವಳೇ ಹೇಳಬಾರ್ದಾ?"

"ನಾನು ಸಮಿತಿ ಅಪ್ಪಾ," ಎಂದಳು ಹಲ್ಡಾ ಬೇಸರದಿಂದ. "ನನ್ನ ಕೈಗೆ ಬಂದದ್ದನ್ನ ನಾನು ವರದಿ ಮಾಡ್ತೀನಿ."

ಮೆಹಿಟಬಲ್ ಮಗನನ್ನು ಬಿಡಲಿಲ್ಲ. "ನಿಮ್ಮಪ್ಪ ಓದು ಬರದೋನು. ಆದ್ರೂ ಒಂದು ಕುದುರೆ ಕೊಳ್ಳೋವಾಗ ಅದರ ನಾಲ್ಕೂ ಕಾಲು ಎತ್ತಿ ನೋಡ್ತಿದ್ದ. ನೀನು ಬಾಲ ನೋಡಿ ವ್ಯಾಪಾರ ಮುಗಿಸಿದೀಯ."

"ಅಮ್ಮಾ, ಸಾಕು."

"ಸಾಕು ಅಂತ ನನಗೆ ಹೇಳಬೇಡ, ಸಭೇಲಿ ಹೋಗಿ ಹೇಳು."

ಅವನು ಮರದ ವ್ಯಾಪಾರಿ ಕ್ವಿಗ್ಲಿಯ ಅಡ್ಡೆಗೆ ಹೋದನು. ರಸ್ತೆಗಳ ಸಮಿತಿಯ ಅಧ್ಯಕ್ಷನಾದ ಕ್ವಿಗ್ಲಿ ಹಲಗೆಗಳ ರಾಶಿಯ ನಡುವೆ ನಿಂತು ಹೊಗೆಸೊಪ್ಪು ಜಗಿಯುತ್ತಿದ್ದನು. ಮೊದಲಿನ ನಕ್ಷೆಯಂತೆ ರಸ್ತೆಯು ಈ ಅಡ್ಡೆಯ ಮಗ್ಗುಲನ್ನು ಕತ್ತರಿಸಿಕೊಂಡು ಹೋಗಬೇಕಾಗಿತ್ತೆಂಬುದು ಅಲ್ಲಿ ನಿಂತ ಮೇಲೆಯೇ ಅಸಾಹೆಲನಿಗೆ ಹೊಳೆಯಿತು.

"ದಾರಿ ತಿರುಗಿಸಿದ್ದು ನಿನ್ನ ಮರ ಉಳಿಸೋಕಾ?"

"ಸಮಿತಿ ವರದಿ ಮೇಜಿನ ಮೇಲೆ ಎರಡು ವಾರ ಇತ್ತಲ್ಲ ಬ್ರಂಡೇಜ್. ಓದಬೇಡ ಅಂತ ನಿನ್ನ ಕೈ ಯಾರಾದ್ರೂ ಕಟ್ಟಿದ್ರಾ?"

"ಅಲ್ಲಿ ನನ್ನ ಮಗ ಇದಾನೆ ಕ್ವಿಗ್ಲಿ."

ಕ್ವಿಗ್ಲಿಯ ದವಡೆ ನಿಂತಿತು. ಆ ಮಗುವಿನ ವಿಷಯ ಅವನಿಗೂ ನಿಜವಾಗಿ ತಿಳಿದಿರಲಿಲ್ಲವೆಂಬುದು ಮುಖದಲ್ಲಿ ಕಂಡಿತು. ಅವನು ಟೋಪಿಯನ್ನು ತೆಗೆದು ಮತ್ತೆ ಹಾಕಿಕೊಂಡನು. "ಅಯ್ಯೋ ದೇವರೇ! ಇದು... ಇದು ತುಂಬಾ ನೋವಿನ ವಿಚಾರ. ಆದ್ರೆ ಗುತ್ತಿಗೆ ಕೂಗಿ ಆಗಿದೆಯಲ್ಲಪ್ಪ. ಸಣ್ಣ ಪೆಟ್ಟಿಗೆಗೆ ಹಲಗೆ ಬೇಕಾದ್ರೆ ನಾನು ಸುಮ್ನೆ ಕೊಡ್ತೀನಿ."

ಅಸಾಹೆಲನು ಹೊರಬಂದು, ಮಾರುಕಟ್ಟೆಯ ಮಾಳಿಗೆಯ ಮೇಲಿನ ನಗರಸಭೆಯ ಕಚೇರಿಗೆ ಹೋದನು. ಗುಮಾಸ್ತ ಪೆನ್ನಿಮನ್ ನಿಯಮಗಳ ಪುಸ್ತಕವನ್ನು ತೆರೆದು ಬೆರಳಿಟ್ಟು ತೋರಿಸಿದನು. ಅಂಗೀಕೃತವಾದ ಕಟ್ಟಳೆಯನ್ನು ಮರುಪರಿಶೀಲಿಸಬೇಕೆಂದು ಸೂಚಿಸುವ ಹಕ್ಕು, ಅದಕ್ಕೆ ಹೌದು ಎಂದವನಿಗೆ ಮಾತ್ರ ಉಂಟು; ಅದೂ ಮುಂದಿನ ಸಭೆಯಲ್ಲಿ ಮಾತ್ರ.

"ಇಲ್ಲ ಅಂದಿದ್ದರೆ ನೀವು ಈಗ ಏನೂ ಮಾಡೋ ಹಾಗಿರಲಿಲ್ಲ ಸ್ವಾಮಿ," ಎಂದನು ಪೆನ್ನಿಮನ್ ಸಮಾಧಾನದ ಧಾಟಿಯಲ್ಲಿ. "ಹೌದು ಅಂದದ್ದೇ ಒಳ್ಳೇದಾಯ್ತು."

ಆ ಸಮಾಧಾನವನ್ನು ಅವನು ಮನೆಗೆ ಒಯ್ದು ಹೇಳಿದನು. ಲವೀನಿಯಾಳು ಹಿಟ್ಟು ನಾದುತ್ತಿದ್ದವಳು ತಲೆಯೆತ್ತಲಿಲ್ಲ. "ಹಲ್ಡಾ, ಎಷ್ಟು ಜನ ಕೈ ಎತ್ತಬೇಕಂತೆ ಕೇಳು," ಎಂದಳು.

"ಹತ್ತರಲ್ಲಿ ಆರು," ಎಂದನು ಅವನು.

"ನಿಮ್ಮಪ್ಪನ ಹತ್ರ ಎಷ್ಟಿದೆ ಕೇಳು."

ಅವನ ಬಳಿ ತನ್ನದೊಂದು ಇತ್ತು.

ಆ ವಾರವೆಲ್ಲ ಅವನು ಅಂಗಡಿಯನ್ನು ಅರ್ಧ ದಿನ ಮುಚ್ಚಿ ಮನೆಮನೆಗೆ ಅಲೆದನು. ರೊಟ್ಟಿ ಅಂಗಡಿಯ ಜರ್ಮನ್ ಸದಸ್ಯ ಝೆಲ್ಲರ್ ಕಣ್ಣೊರೆಸಿಕೊಂಡು ಒಪ್ಪಿದನು. ಅವನ ಅಕ್ಕ ಅದೇ ಸಾಲಿನಲ್ಲಿದ್ದಳು. ಇನ್ನಿಬ್ಬರು ನೋಡೋಣ ಎಂದರು. ಉಳಿದವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಕಠಿನವಾದ ಮಾತು ಬಂದದ್ದು ಸ್ವಂತ ವಾರ್ಡಿನಿಂದಲೇ. ಗಾಡಿ ಹೊಡೆಯುವ ಗಿಲ್‌ಹೂಲಿ ಅಂಗಡಿಗೆ ಬಂದು ಮುರಿದ ಕೊರಳಪಟ್ಟಿಯನ್ನು ಮುಂದಿಟ್ಟು ಹೇಳಿದನು:

"ಈ ಚಳಿಗಾಲದಲ್ಲಿ ಆ ಗುಡ್ಡದ ಮೇಲೆ ನನ್ನ ಎರಡು ಕುದುರೆ ಬಿದ್ದು ಸತ್ತವು ಬ್ರಂಡೇಜಣ್ಣ. ರಸ್ತೆ ಮಾಡಿಸ್ತೀನಿ ಅಂದಿದ್ದಕ್ಕೇ ನಿಮಗೆ ಓಟು ಹಾಕಿದ್ದು. ಸತ್ತೋರಿಗೆ ನೋವಾಗಲ್ಲ. ನನ್ನ ಕುದುರೆಗೆ ಆಗುತ್ತೆ."

ಆ ಮಾತು ಸುಳ್ಳಾಗಿರಲಿಲ್ಲ. ಅಸಾಹೆಲನು ಕೊರಳಪಟ್ಟಿಯನ್ನು ಹತ್ತಿರಕ್ಕೆಳೆದು ಸೂಜಿಗೆ ದಾರ ಪೋಣಿಸಿದನು.

ಮೂರನೆಯ ಸೋಮವಾರ ಸಭೆ ಕೂಡಿತು. ಮಾರುಕಟ್ಟೆಯ ಮೀನಿನ ವಾಸನೆ ಎಂದಿನಂತೆ ಹಲಗೆಗಳ ಸಂದಿಯಿಂದ ಮೇಲೇರಿ ಬರುತ್ತಿತ್ತು. ನಾಯಿ ತೆರಿಗೆಯ ಅರ್ಜಿ ಸಮಿತಿಗೆ ಹೋಯಿತು. ಐದನೆಯ ಬೀದಿಯ ಮರದ ಕಾಲುದಾರಿಯಲ್ಲಿ ಹಲಗೆ ಮುರಿದು ಕಾಲು ಉಳುಕಿಸಿಕೊಂಡ ಹೆಂಗಸಿನ ದೂರು ಮೇಜಿನ ಮೇಲೆ ಉಳಿಯಿತು. ಹಂದಿಗಳ ಕಟ್ಟಳೆ ಪುನಃ ಬಂದು ಪುನಃ ಮುಂದಕ್ಕೆ ಹೋಯಿತು. ನಾಲ್ಕು ವರ್ಷ ತಾನೂ ನಗುನಗುತ್ತ ನಡೆಸಿದ ಈ ವ್ಯವಹಾರವನ್ನು ಅಸಾಹೆಲನು ಅಂದು ಕೇಳಲಾರದೆ ಕೇಳುತ್ತ ಕುಳಿತನು. ಪ್ರೇಕ್ಷಕರ ಬೆಂಚಿನಲ್ಲಿ, ಎಂದೂ ಅಲ್ಲಿಗೆ ಕಾಲಿಡದಿದ್ದ ಲವೀನಿಯಾಳು ಮಗಳೊಡನೆ ಕುಳಿತಿದ್ದಳು.

ಅವನು ಎದ್ದು ತನ್ನ ಸೂಚನೆಯನ್ನು ಮಂಡಿಸಿದನು. ಝೆಲ್ಲರ್ ಅನುಮೋದಿಸಿದನು.

"ಮೂರನೇ ವಾರ್ಡಿನ ಮಾನ್ಯರು ಒಂದು ಸಂಗತಿ ತಿಳಿಸಬೇಕು," ಎಂದನು ಕ್ವಿಗ್ಲಿ, ಮೆಲ್ಲಗೆ, ನೆಲ ನೋಡುತ್ತ. "ರಸ್ತೆ ಬೇಕು ಅಂದೋರು ಅವರು. ಅವರ ಮಾತಿಗೆ ಮರ್ಯಾದೆ ಕೊಟ್ಟು ನಾವು ಕೈ ಎತ್ತಿದ್ವಿ. ಇವತ್ತು ಬೇಡ ಅಂತಾರೆ. ಹೀಗೆ ಹದಿನೈದು ದಿನಕ್ಕೊಂದು ಮನಸ್ಸಾದ್ರೆ ಇನ್ನು ಯಾರ ಮಾತಿಗೆ ಯಾರು ಕೈ ಎತ್ತೋದು?"

"ಮಾನ್ಯರೇ, ಅಲ್ಲಿ ಕಾಲರಾದ ಸಾಲೊಂದರಲ್ಲೇ ನಲವತ್ತೊಂದು ಜನ ಇದಾರೆ. ನಾನು ಓದದೆ ತಪ್ಪು ಮಾಡ್ದೆ. ನೀವೂ ಓದಿರಲಿಲ್ಲ. ನಮ್ಮಲ್ಲಿ ಒಬ್ಬರಾದ್ರೂ ಓದಿದ್ರಾ? ಕೈ ಎತ್ತಿ!"

ಯಾರೂ ಕೈ ಎತ್ತಲಿಲ್ಲ. ಯಾರೋ ಕೆಮ್ಮಿದರು. ಮೇಯರ್ ಗುಮಾಸ್ತನಿಗೆ ಸನ್ನೆ ಮಾಡಿದನು. ಹೆಸರು ಹಿಡಿದು ಕೂಗಲಾಯಿತು: ನಾಲ್ಕು ಹೌದು, ಆರು ಅಲ್ಲ. ಕರುಣೆಯ ಕುರುಹಾಗಿ, ಗಡುವಿಗೆ ಇನ್ನು ಹದಿನೈದು ದಿನ ಸೇರಿಸುವ ಸೂಚನೆಯನ್ನು ಕ್ವಿಗ್ಲಿಯೇ ಮಂಡಿಸಿದನು. ಅದು ಸರ್ವಾನುಮತದಿಂದ ಅಂಗೀಕಾರವಾಯಿತು.

"ಮುಂದಿನ ವಿಷಯ," ಎಂದನು ಮೇಯರ್. "ಎರಡನೇ ವಾರ್ಡಿನ ಪಂಪು."

ಲವೀನಿಯಾಳು ಎದ್ದು ನಿಂತಳು. ಎಲ್ಲರೂ ಅವಳು ಕೂಗಾಡುವಳೆಂದು ಹೆದರಿದರು. ಅವಳು ಆ ಹತ್ತು ಮುಖಗಳನ್ನು ಒಂದೊಂದಾಗಿ, ಸಂತೆಯಲ್ಲಿ ಕಳೆದುಹೋದ ವಸ್ತುವನ್ನು ಹುಡುಕುವವಳಂತೆ ನೋಡಿ, ಹೊರಗೆ ನಡೆದಳು.

ಮನೆಯಲ್ಲಿ ಆ ಸಂಜೆ ಆಲೂಗಡ್ಡೆ ಬೆಂದು ಸೀದಿತ್ತು. ಯಾರೂ ದೂರಲಿಲ್ಲ.

ಗುಡ್ಡದ ಮೇಲಿನ ಹೊಸ ಸ್ಮಶಾನದಲ್ಲಿ ಆರು ಮಂದಿಗೆ ಸಾಲುವ ಒಂದು ಜಾಗವನ್ನು ಅಸಾಹೆಲನು ಕೊಂಡನು. ಕ್ವಿಗ್ಲಿಯ ಹಲಗೆಯನ್ನು ಮುಟ್ಟದೆ ಬೇರೆ ಅಡ್ಡೆಯಿಂದ ಪೈನ್ ಮರ ತಂದು, ನಾಲ್ಕು ಅಡಿಗಿಂತ ಚಿಕ್ಕದಾದ ಒಂದು ಪೆಟ್ಟಿಗೆಯನ್ನು ತಾನೇ ಮಾಡಿದನು. ಒಳಗೆ ಮೆತ್ತನೆಯ ಕುರಿಚರ್ಮವನ್ನು ಹೊಲಿದನು. ಹೊಲಿಯುವಾಗ ತಾಯಿ ಪಕ್ಕದಲ್ಲಿ ಬಂದು ಕುಳಿತಳು.

"ಮೂಲೆ ಹೊಲಿಗೆ ದಪ್ಪ ಆಯ್ತು," ಎಂದಳು.

"ಬಿಚ್ಚಿ ಮತ್ತೆ ಹಾಕ್ತೀನಮ್ಮ."

ಆ ಮಾತಿಗೆ ಮುದುಕಿಯ ಕಣ್ಣು ತುಂಬಿತು.

ಮೇ ತಿಂಗಳ ಹದಿಮೂರನೆಯ ದಿನ ಬೆಳಗ್ಗೆ ನಾಲ್ವರೂ ಹಳೆಯ ನೆಲಕ್ಕೆ ಹೋದರು. ಅಲ್ಲಿ ಮೂವತ್ತು ವರ್ಷ ಗುಂಡಿ ತೋಡಿದ ಮುದುಕ ಈನಸ್ ಟಟಲ್ ಗುದ್ದಲಿ ಹಿಡಿದು ಕಾದಿದ್ದನು. ಪೂರ್ವದ ಸಾಲಿನಲ್ಲಿ ಬಣ್ಣ ಮಾಸಿದ ನಲವತ್ತೊಂದು ಹಲಗೆಗಳು ನಿಂತಿದ್ದವು. ಒರಿನನ ಹೆಸರಿದ್ದ ಹನ್ನೆರಡನೆಯದರ ಬುಡದಲ್ಲಿ ಮಾತ್ರ ಹುಲ್ಲು ಕತ್ತರಿಸಿತ್ತು, ಹೂವಿನ ಸಸಿಗಳಿದ್ದವು. ಲವೀನಿಯಾಳು ಸಸಿಗಳನ್ನು ಮಣ್ಣಿನ ಸಮೇತ ಎತ್ತಿ ಬುಟ್ಟಿಯಲ್ಲಿಟ್ಟಳು. ಹಲಗೆಯನ್ನು ಮಡಿಲಿಗೆ ತೆಗೆದುಕೊಂಡು ಕುಳಿತಳು.

ಈನಸ್ ಅಗೆಯುವ ಮೊದಲು ಟೋಪಿ ತೆಗೆದು ಏನನ್ನೋ ಹೇಳಹೊರಟು, ಅಸಾಹೆಲನ ಮುಖ ನೋಡಿ ಸುಮ್ಮನಾದನು. ಅರ್ಧ ಗಂಟೆ ಮಣ್ಣು ಮೇಲೆ ಬಂತು. ಅನಂತರ ಕೊಳೆತ ಹಲಗೆಯ ಚೂರುಗಳು. ಅನಂತರ ಗುದ್ದಲಿ ಲೋಹಕ್ಕೆ ತಗುಲಿದ ಸದ್ದಾಯಿತು.

"ಏನದು?" ಎಂದಳು ಲವೀನಿಯಾ.

ಅಸಾಹೆಲನು ಗುಂಡಿಗಿಳಿದನು. ಕೈಯಿಂದ ಮಣ್ಣು ಸರಿಸಿದನು. ಅಲ್ಲಿ ಒಂದು ಬೂಟು ಇತ್ತು. ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆದ, ದೋಣಿಗಾರರು ಮೆಟ್ಟುವ ದೊಡ್ಡ ಬೂಟು. ಅದರೊಳಗಿನಿಂದ ಉದ್ದನೆಯ ಮೂಳೆ ಹೊರಟು, ಅವನ ಮೊಣಕಾಲಿನಾಚೆಗೂ ಚಾಚಿತ್ತು. ಮೇಲೆ ನೋಡಿದನು. ಹೆಂಡತಿ ಅಂಚಿಗೆ ಬಂದು ಬಗ್ಗಿ ನಿಂತಿದ್ದಳು. ಮುಚ್ಚಿಡಲು ಹೊತ್ತು ಮೀರಿತ್ತು.

ಅವಳು ಕೂಗಲಿಲ್ಲ. "ಇದು ಯಾರು?" ಎಂದಳು, ಮಗುವಿನ ದನಿಯಲ್ಲಿ. "ನನ್ನ ಮಗ ಎಲ್ಲಿ?"

ಹಲ್ಡಾ ತಾಯಿಯ ಭುಜ ಹಿಡಿದಳು. ಮೆಹಿಟಬಲ್ ಕೋಲೂರಿಕೊಂಡು ಮುದುಕನ ಎದುರು ನಿಂತಳು. "ಈನಸ್, ನಿನಗೆ ಏನೋ ಗೊತ್ತಿದೆ. ಬಾಯಿ ಬಿಡು."

ಈನಸ್ ಗುದ್ದಲಿಯನ್ನು ಕೆಳಗಿಟ್ಟನು. "ಗಾಡಿ ಬಂದ ಹಾಗೆ ಬಂದ ಹಾಗೆ ಹೂಳ್ತಾ ಹೋದ್ವಿ ತಾಯಿ. ಯಾರು ಯಾರು ಅಂತ ಕೇಳೋಕೆ ಪುರುಸೊತ್ತೆಲ್ಲಿತ್ತು? ದಿನಕ್ಕೆ ಏಳು ಎಂಟು ಬರ್ತಿದ್ವು. ಆಮೇಲೆ ಸಭೆಯೋರು ಬಡಗಿ ಕೈಲಿ ಹಲಗೆ ಬರೆಸಿದ್ರು, ಸತ್ತೋರ ಪಟ್ಟೀಲಿ ಹೆಸರು ಇದ್ದ ಸಾಲಿನ ಪ್ರಕಾರ. ಪಟ್ಟಿ ಸಾಲು ಬೇರೆ, ನೆಲದ ಸಾಲು ಬೇರೆ. ನಾನು ಆಗಲೇ ಹೋಗಿ ಹೇಳ್ದೆ ಸ್ವಾಮಿ. ಸಭೆ ನನ್ನ ಮಾತು ಕೇಳ್ತು, 'ಸ್ವೀಕರಿಸಿ ಕಡತಕ್ಕೆ ಸೇರಿಸಿದೆ' ಅಂತು. ಮತ್ತೆ ಯಾರೂ ಕರೀಲಿಲ್ಲ."

"ಒಂಬತ್ತು ವರ್ಷ ಅವಳು ಪ್ರತಿ ಭಾನುವಾರ ಬರೋದನ್ನ ನೋಡಿದೀಯಲ್ಲೋ!" ಎಂದನು ಅಸಾಹೆಲ್.

"ಅದಕ್ಕೇ ಹೇಳೋಕಾಗಲಿಲ್ಲ ಸ್ವಾಮಿ."

ಲವೀನಿಯಾಳು ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಆ ಬೂಟನ್ನೇ ನೋಡಿದಳು. ಮೊದಲು ಅವಳ ಮುಖದಲ್ಲಿ ಅಸಹ್ಯವಿತ್ತು, ಮೋಸಹೋದವರಿಗೆ ಬರುವಂಥದು. ಅಸಾಹೆಲನು ಅದನ್ನು ಕಂಡು ತಲೆ ತಗ್ಗಿಸಿದನು. ಮತ್ತೆ ನೋಡಿದಾಗ ಅದು ಹೋಗಿತ್ತು.

"ಇವನ ತಾಯಿ ಎಲ್ಲಿದ್ದಾಳೋ," ಎಂದಳು. "ದೋಣಿ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದಿರ್ತಾಳೆ." ಅನಂತರ, ಐದು ವಾರಗಳಲ್ಲಿ ಮೊದಲ ಬಾರಿಗೆ, ನೇರವಾಗಿ ಗಂಡನ ಕಡೆ ತಿರುಗಿದಳು. "ನಿಮ್ಮ ಪೆಟ್ಟಿಗೆ ಇವನಿಗೆ ಸಾಲಲ್ಲ. ಅಳತೆ ತಗೊಳ್ಳಿ."

ಅಸಾಹೆಲನು ಸೊಂಟದ ಚರ್ಮದ ಪಟ್ಟಿಯನ್ನು ಬಿಚ್ಚಿ, ಆ ಅಪರಿಚಿತನ ಅಳತೆ ತೆಗೆದನು.

"ಈನಸ್, ಇದಾದ್ಮೇಲೆ ಹದಿಮೂರನೇದು," ಎಂದಳು ಲವೀನಿಯಾ.

"ತಾಯಿ, ಸಾಲು ಪೂರ್ತಿ ತೆಗೆದ್ರೂ ಯಾರು ಯಾರು ಅಂತ..."

"ಪೂರ್ತಿ ತೆಗಿ."

ನಾಲ್ಕು ದಿನ ಅಗೆದರು. ಸುದ್ದಿ ವಾರ್ಡಿನಲ್ಲಿ ಬೆಂಕಿಯಂತೆ ಹರಡಿತು. ಎರಡನೆಯ ದಿನ ಝೆಲ್ಲರ್ ಬಂದನು. ಅಕ್ಕನ ಹಲಗೆಯ ಕೆಳಗೆ ಇಬ್ಬರು ಗಂಡಸರಿದ್ದುದನ್ನು ಕಂಡು ಬಾಯಿಗೆ ಕೈ ಹಿಡಿದು ಅಲ್ಲೇ ಕುಳಿತುಬಿಟ್ಟನು. ಮೂರನೆಯ ದಿನ ಗಿಲ್‌ಹೂಲಿ ಗಾಡಿ ತಂದು ನಿಲ್ಲಿಸಿ, ಯಾರ ಮುಖವನ್ನೂ ನೋಡದೆ ಗುದ್ದಲಿ ಹಿಡಿದನು. ತಮ್ಮವರನ್ನು ಅರಸಿ ಬಂದವರಿಗೆ ತಮ್ಮವರು ಸಿಗಲಿಲ್ಲ. ಸಿಕ್ಕವರನ್ನೇ ಒಬ್ಬಿಬ್ಬರಂತೆ ಹಂಚಿಕೊಂಡು ಗುಡ್ಡಕ್ಕೆ ಒಯ್ಯಲು ಒಪ್ಪಿದರು. ಇಡೀ ಸಾಲಿನಲ್ಲಿ ಎಳೆಯ ಮಕ್ಕಳ ಮೂಳೆಗಳು ನಾಲ್ಕು ಕಡೆ ದೊರೆತವು. ನಾಲ್ಕೂ ಸುಣ್ಣದ ಬಟ್ಟೆಯಲ್ಲಿ ಸುತ್ತಿದವು. ನಾಲ್ಕೂ ಹೆಚ್ಚುಕಡಿಮೆ ಒಂದೇ ಅಳತೆಯವು. ಗುರುತು ಯಾವುದಕ್ಕೂ ಇರಲಿಲ್ಲ.

"ಯಾವುದು ಅನ್ಸುತ್ತೆ ನಿನಗೆ?" ಎಂದು ಮೆಹಿಟಬಲ್ ಪಿಸುಗುಟ್ಟಿದಳು.

"ಗೊತ್ತಾಗ್ತಿಲ್ಲ ಅತ್ತೆ," ಎಂದಳು ಲವೀನಿಯಾ. "ಹೆತ್ತೋಳಿಗೆ ಗೊತ್ತಾಗಬೇಕಿತ್ತು. ಗೊತ್ತಾಗ್ತಿಲ್ಲ." ಮುದುಕಿ ಸೊಸೆಯ ಒರಟು ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

ಆ ನಾಲ್ಕು ಮಕ್ಕಳನ್ನೂ ದೋಣಿಗಾರನನ್ನೂ ಗುಡ್ಡಕ್ಕೆ ಒಯ್ಯಲು ತಲೆಗೊಂದರಂತೆ ನಗರಸಭೆಯ ರಹದಾರಿ ಬೇಕು. ಸೋಮವಾರ ಗಂಡಹೆಂಡಿರಿಬ್ಬರೂ ಮಾರುಕಟ್ಟೆಯ ಮಾಳಿಗೆ ಹತ್ತಿದರು. ಪೆನ್ನಿಮನ್ ಅಚ್ಚಾದ ಐದು ಹಾಳೆಗಳನ್ನು ಮುಂದಿಟ್ಟುಕೊಂಡು ಲೇಖನಿಯನ್ನು ಮಸಿಯಲ್ಲಿ ಅದ್ದಿದನು.

"ಮೃತರ ಹೆಸರು?"

"ಬ್ರಂಡೇಜ್," ಎಂದನು ಅಸಾಹೆಲ್.

"ಅದು ಒಂದಕ್ಕಾಯ್ತು. ಉಳಿದ ನಾಲ್ಕಕ್ಕೆ?"

"ಬ್ರಂಡೇಜ್."

ಪೆನ್ನಿಮನ್ ಕನ್ನಡಕದ ಮೇಲಿನಿಂದ ನೋಡಿದನು. ಸದಸ್ಯನಿಗೆ ಬುದ್ಧಿ ಕೆಟ್ಟಿತೇ ಎಂಬ ಭಯ ಅವನ ಕಣ್ಣಿನಲ್ಲಿತ್ತು. ಆದರೂ ಬರೆದನು. ನಾಲ್ಕು ಹಾಳೆಗಳಲ್ಲಿ ಸಂಬಂಧದ ಅಂಕಣದೊಳಗೆ 'ಮಗು' ಎಂದು ತುಂಬಿಸಿ, ಐದನೆಯದಕ್ಕೆ ಬಂದು ಲೇಖನಿಯನ್ನು ತಡೆದನು.

"ಇವನು ದೊಡ್ಡೋನು ಅಂತ ಕೇಳ್ದೆ. ದೋಣಿಗಾರ. ಇವನು ನಿಮಗೆ ಏನಾಗಬೇಕು? ಖಾಲಿ ಬಿಟ್ರೆ ಮುದ್ರೆ ಬೀಳಲ್ಲ ಸ್ವಾಮಿ."

ಅಸಾಹೆಲನು ಹೆಂಡತಿಯತ್ತ ನೋಡಿದನು.

"ಮಗ," ಎಂದಳು ಲವೀನಿಯಾ.

"ಅಮ್ಮಾ, ಅವನು ನಿಮಗಿಂತ ಹಿರಿಯನಿದ್ರೂ ಇರಬಹುದು!"

"ಇರಲಿ. ಮಗ ಅಂತ ಬರೀರಿ."

ಪೆನ್ನಿಮನ್ ಬರೆದನು. ಬರೆದು, ಮುದ್ರೆ ಒತ್ತುವ ಮೊದಲು, ಆ ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಅವರಿಬ್ಬರಿಗೂ ಕೇಳುವಂತೆ ಗಟ್ಟಿಯಾಗಿ ಓದಿದನು. ಅಸಾಹೆಲನು ಟೋಪಿ ಕಳಚಿ ಹಿಡಿದು ನಿಂತು ಕೇಳಿದನು.